ವಿಹಂಗಮ ನೋಟವೂ ಮಾರಾಟದ ಮನೆಯೂ

‘ವಿಹಂಗಮ’ ಎಂದರೆ ಆಕಾಶದಲ್ಲಿ ಸಂಚರಿಸುವುದು, ಅಂದರೆ ಹಕ್ಕಿ. ಹಕ್ಕಿಯ ಕಣ್ಣಿಗೆ ಕಾಣುವ ದೃಶ್ಯವೇ ವಿಹಂಗಮ ನೋಟ. ಸಿಂಹವು ತಾನು ನಡೆದು ಬಂದ ದಾರಿಯನ್ನು ಹಿಂತಿರುಗಿ ನೋಡುವುದು ಸಿಂಹಾವಲೋಕನ. ಮೊದಲನೆಯದಕ್ಕೆ ರೆಕ್ಕೆ ಬೇಕು, ಎರಡನೆಯದಕ್ಕೆ ಕಾಲು ಬೇಕು. ಮಾರಾಟಕ್ಕಿರುವ ಮನೆಯನ್ನು ಡ್ರೋನ್ ಕಣ್ಣಿನಿಂದ ತೋರಿಸುವ ಇಂದಿನ ರೂಢಿಯ ಚರಿತ್ರೆಯನ್ನು ತಿಳಿಯಲು ಈ ಎರಡೂ ಪದಗಳು ನೆರವಾಗುತ್ತವೆ.

ಎತ್ತರದಿಂದ ತೋರಿಸಿ ಮಾರುವ ಉಪಾಯ ಡ್ರೋನಿನೊಂದಿಗೆ ಹುಟ್ಟಿದ್ದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಟ್ಟಣಗಳು ಭರದಿಂದ ಬೆಳೆಯುತ್ತಿದ್ದಾಗ ಆಲ್ಬರ್ಟ್ ರೂಗರ್, ಥಡ್ಡಿಯಸ್ ಫೌಲರ್ ಮೊದಲಾದ ಚಿತ್ರಕಾರರು ಊರೂರುಗಳ ವಿಹಂಗಮ ನಕ್ಷೆಗಳನ್ನು ರಚಿಸಿದರು. ಅವರು ಬೀದಿ ಬೀದಿ ಸುತ್ತಿ, ಕಟ್ಟಡಗಳನ್ನೂ ಮರಗಳನ್ನೂ ಗುರುತು ಹಾಕಿಕೊಂಡು, ಬಳಿಕ ಆಕಾಶದಿಂದ ಕಂಡಂತೆ ಕಲ್ಪಿಸಿ ಬರೆಯುತ್ತಿದ್ದರು. ನಿವೇಶನ ಮಾರುವವರಿಗೆ ಈ ನಕ್ಷೆಗಳು ಒಳ್ಳೆಯ ಜಾಹೀರಾತಾದವು. ಇನ್ನೂ ಕಟ್ಟದಿದ್ದ ಕಟ್ಟಡಗಳೂ ಕೆಲವು ನಕ್ಷೆಗಳಲ್ಲಿ ತಲೆ ಎತ್ತಿ ನಿಂತಿದ್ದುಂಟು! ಚಿತ್ರ ಹಕ್ಕಿಯದಾದರೂ ಶ್ರಮ ಕಾಲಿನದಾಗಿತ್ತು ಎಂಬುದನ್ನು ಗಮನಿಸಬೇಕು.

ಅಷ್ಟರಲ್ಲಿ ಛಾಯಾಚಿತ್ರವೂ ಮೇಲೇರತೊಡಗಿತ್ತು. 1858ರಲ್ಲಿ ಫ್ರಾನ್ಸಿನ ನಾದಾರ್ ಬಲೂನಿನಿಂದ ಚಿತ್ರ ತೆಗೆದನು. ಅದು ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬೋಸ್ಟನ್ ನಗರದ ಚಿತ್ರ ಇಂದಿಗೂ ಇದೆ. 1906ರ ಭೂಕಂಪದಿಂದ ಹಾಳಾದ ಸ್ಯಾನ್ ಫ್ರಾನ್ಸಿಸ್ಕೋವನ್ನು ಜಾರ್ಜ್ ಲಾರೆನ್ಸ್ ಗಾಳಿಪಟಗಳಿಗೆ ಕ್ಯಾಮೆರಾ ಕಟ್ಟಿ ಸೆರೆಹಿಡಿದನು. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ನೆಲೆಗಳನ್ನು ಅರಿಯಲು ಬೆಳೆದ ಈ ವಿದ್ಯೆ, ಯುದ್ಧ ಮುಗಿದೊಡನೆ ವ್ಯಾಪಾರಕ್ಕೆ ಇಳಿಯಿತು. 1919ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಏರೋಫಿಲ್ಮ್ಸ್ ಸಂಸ್ಥೆಯ ವೃತ್ತಿಯೇ ವೈಮಾನಿಕ ಚಿತ್ರಗಳನ್ನು ತೆಗೆದು ಮಾರುವುದಾಗಿತ್ತು.

ಆದರೆ ಒಂದು ಸಾಮಾನ್ಯ ಮನೆಗಾಗಿ ವಿಮಾನವನ್ನು ಬಾಡಿಗೆಗೆ ತರುವವರು ಯಾರು? 2013ರಲ್ಲಿ ಡಿಜೆಐ ಸಂಸ್ಥೆಯ ‘ಫ್ಯಾಂಟಮ್’ ಮಾರುಕಟ್ಟೆಗೆ ಬಂದ ಮೇಲೆ ಈ ಅಡ್ಡಿ ಕರಗಿತು. ಕಾನೂನು ಮಾತ್ರ ಹಿಂದೆ ಉಳಿದಿತ್ತು. ಡ್ರೋನಿನಿಂದ ಮನೆಗಳ ಚಿತ್ರ ತೆಗೆಸದಂತೆ ಲಾಸ್ ಏಂಜಲೀಸ್ ಪೊಲೀಸರು 2012ರಲ್ಲೇ ದಲ್ಲಾಳಿಗಳನ್ನು ಎಚ್ಚರಿಸಿದ್ದರು. 2015ರ ಜನವರಿಯಲ್ಲಿ ಅರಿಜೋನಾದ ಟ್ಯೂಸನ್ನಿನ ಒಬ್ಬ ದಲ್ಲಾಳಿಗೆ ಈ ಕಾರ್ಯಕ್ಕೆ ವಿಶೇಷ ಅನುಮತಿ ದೊರೆಯಿತು. 2016ರ ಆಗಸ್ಟ್ 29ರಂದು ಅಮೆರಿಕದಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ ಬಂದಿತು: ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಸಾಮಾನ್ಯವಾಗಿ 400 ಅಡಿಗಿಂತ ಮೇಲೇರಕೂಡದು, ಡ್ರೋನ್ ಕಣ್ಣಳತೆಯಲ್ಲಿರಬೇಕು. ನಮ್ಮ ದೇಶದಲ್ಲಿ 2014ರಲ್ಲಿ ನಿರ್ಬಂಧ, 2018ರ ಡಿಸೆಂಬರಿನಲ್ಲಿ ಮೊದಲ ನಿಯಮಾವಳಿ, 2021ರಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ ಡ್ರೋನ್ ನಿಯಮಗಳು, ಹೀಗೆ ಕ್ರಮವಾಗಿ ಬಾಗಿಲು ತೆರೆಯಿತು.

ನೆರೆಯವರ ಹಿತ್ತಲಿನ ಪ್ರಶ್ನೆಯೂ ಇದೆ. ಮಾರುವವನು ಒಬ್ಬ, ಆದರೆ ಚಿತ್ರದಲ್ಲಿ ಬೀಳುವುದು ಹತ್ತು ಮನೆಯ ಅಂಗಳ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್, ಕಡಲತೀರದ ಸವೆತವನ್ನು ದಾಖಲಿಸಲು ಹೆಲಿಕಾಪ್ಟರಿನಿಂದ ತೆಗೆದ ಚಿತ್ರಗಳಲ್ಲಿ ತನ್ನ ಮನೆ ಕಾಣುತ್ತದೆಂದು ದಾವೆ ಹೂಡಿ ಸೋತರು. ಯಾರೂ ಗಮನಿಸದಿದ್ದ ಆ ಚಿತ್ರವನ್ನು ದಾವೆಯ ಸುದ್ದಿ ತಿಳಿದ ಬಳಿಕ ಲಕ್ಷಾಂತರ ಜನ ನೋಡಿದರು. ಅಂತಹ ಪ್ರಸಿದ್ಧರಿಗೇ ದೊರೆಯದ ಮರೆ ಸಾಮಾನ್ಯ ನೆರೆಮನೆಯವರಿಗೆ ದೊರೆಯುವುದೆಂತು?

ವಿದೇಶಗಳಲ್ಲಿ ನೆಲೆಸಿರುವ ನನ್ನ ಶಿಷ್ಯರಿಗೆ ಒಂದು ಮಾತು. ಬೆಂಗಳೂರಿನ ಹೊರವಲಯದ ಬಡಾವಣೆಗಳ ಇಂತಹ ಚಿತ್ರಗಳನ್ನು ನೋಡಿಯೇ ಮುಂಗಡ ಕಳುಹಿಸುವ ಆತುರ ಬೇಡ. ಡ್ರೋನ್ ಹಾದಿಯ ತಿರುವನ್ನು, ತೆಂಗಿನ ಸಾಲನ್ನು, ದೂರದ ಕೆರೆಯನ್ನು ಮನೋಹರವಾಗಿ ತೋರಿಸುತ್ತದೆ. ಮುಚ್ಚಿಹೋದ ರಾಜಕಾಲುವೆ, ಬತ್ತಿದ ಕೊಳವೆಬಾವಿ, ಖಾತೆಯ ತಕರಾರು, ಭೂಮಿಯ ಮೇಲಿನ ಋಣ ಇವು ಯಾವ ಎತ್ತರದಿಂದಲೂ ಕಾಣುವುದಿಲ್ಲ. ಗ್ರಾಮ ನಕಾಶೆಯನ್ನು ತರಿಸಿ ನೋಡಿ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ, ಮಳೆಗಾಲದಲ್ಲಿ ಒಮ್ಮೆ ಊರಿನ ನಂಬುಗೆಯ ಬಂಧುವೊಬ್ಬರನ್ನು ಆ ನೆಲದ ಮೇಲೆ ನಡೆದು ಬರಲು ಕೇಳಿಕೊಳ್ಳಿ. ರೂಗರನೂ ಫೌಲರನೂ ನಡೆದೇ ಅಲ್ಲವೇ ಆಕಾಶದ ಚಿತ್ರ ಬರೆದದ್ದು!