ಜ್ವರದ ಕಾಲದಲ್ಲಿ ಶಾಲೆಯ ಬಾಗಿಲು

ಮಳೆಗಾಲ ಹಿಡಿದರೆ ನಮ್ಮ ಮನೆಗಳಲ್ಲಿ ನಡೆಯುವ ಒಂದು ಸಂಗತಿ ಎಲ್ಲರಿಗೂ ಗೊತ್ತು. ಮಗುವಿನ ಮೈ ಬಿಸಿಯಾಗಿದೆ, ಮೂಗು ಸೋರುತ್ತಿದೆ. ಆದರೆ ಪರೀಕ್ಷೆ ಹತ್ತಿರ ಬಂದಿದೆ, ಹಾಜರಿ ಕಡಿಮೆಯಾದರೆ ಟೀಚರ್ ಕೇಳುತ್ತಾರೆ, ತಾಯಿಗೆ ಕೆಲಸಕ್ಕೆ ಹೋಗಲೇಬೇಕು. ಅರ್ಧ ಮಾತ್ರೆ ನುಂಗಿಸಿ ಬೆಳಿಗ್ಗೆ ಮದ್ರಸಕ್ಕೂ, ಅಲ್ಲಿಂದ ಶಾಲೆಗೂ ಕಳುಹಿಸಿಬಿಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಮಾತ್ರೆಯ ಬಲ ಇಳಿದು ಜ್ವರ ಮತ್ತೆ ಏರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತವರಿಗೂ ಕಾಯಿಲೆ ಹಂಚಿಯಾಗಿರುತ್ತದೆ.

ಸಾಧಾರಣ ನೆಗಡಿ ಜ್ವರವಾದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಊರಿಗೆ ಊರೇ ಮಲಗುವ ಫ್ಲೂ ಬಂದರೆ ಶಾಲೆ ಏನು ಮಾಡಬೇಕು? ಮುಚ್ಚಬೇಕೇ, ತೆರೆದಿಡಬೇಕೇ? ಈ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಅತ್ಯಂತ ಕಠಿಣ ಪರಿಸ್ಥಿತಿಯಲ್ಲಿ ಎದುರಿಸಿದ ನಗರ ನ್ಯೂಯಾರ್ಕ್. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಹೆಚ್ಚಿನ ನಗರಗಳು ಶಾಲೆಗಳಿಗೆ ಬೀಗ ಹಾಕಿದಾಗ ಅದು ಹಾಕಲಿಲ್ಲ. ಆ ನಿರ್ಧಾರ ಅರ್ಥವಾಗಬೇಕಾದರೆ ನಾವು ಅದಕ್ಕೂ ಹದಿನಾರು ವರ್ಷ ಹಿಂದಕ್ಕೆ ಹೋಗಬೇಕು.

1897ರಿಂದ ನ್ಯೂಯಾರ್ಕಿನ ಶಾಲೆಗಳಿಗೆ ನಗರದ ವೈದ್ಯರು ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಕಣ್ಣು ಬೇನೆ, ಹುಳುಕಡ್ಡಿ, ಕಜ್ಜಿ, ಹೇನು, ಏನು ಕಂಡರೂ ಮಗು ಮನೆಗೆ. ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳುಹಿಸಿದರೆ ವೈದ್ಯರ ಕೆಲಸ ಮುಗಿಯಿತು. ಅದನ್ನು ಓದಲು ಬಾರದ ತಾಯಂದಿರೇ ಎಷ್ಟೋ ಜನ. ಅವರಲ್ಲಿ ಹೆಚ್ಚಿನವರು ಯುರೋಪಿನಿಂದ ವಲಸೆ ಬಂದ ಬಡವರು, ಇಕ್ಕಟ್ಟಾದ ವಠಾರಗಳಲ್ಲಿ ವಾಸಿಸುತ್ತಿದ್ದವರು. ಶಾಲೆಯಿಂದ ಹೊರಬಿದ್ದ ಮಗುವಿಗೆ ಚಿಕಿತ್ಸೆ ಆಗುತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಗೆಳೆಯರೊಂದಿಗೆ ಅದೇ ಬೀದಿಯಲ್ಲಿ ಅದು ಆಡುತ್ತಿತ್ತು. ರೋಗ ಹರಡುವುದು ನಿಲ್ಲಲಿಲ್ಲ, ಓದು ಮಾತ್ರ ನಿಂತಿತು.

ಹೆನ್ರಿ ಸ್ಟ್ರೀಟ್ ಎಂಬಲ್ಲಿ ಬಡವರ ನಡುವೆಯೇ ಮನೆ ಮಾಡಿಕೊಂಡು ಸೇವೆ ಮಾಡುತ್ತಿದ್ದ ಲಿಲಿಯನ್ ವಾಲ್ಡ್ ಎಂಬ ನರ್ಸ್ ಇದನ್ನು ಗಮನಿಸಿದರು. ತಲೆಯ ಮೇಲಿನ ಹುಣ್ಣಿನಿಂದಾಗಿ ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಹನ್ನೆರಡು ವರ್ಷದ ಹುಡುಗನೊಬ್ಬ ಅವರಿಗೆ ಸಿಕ್ಕಿದ್ದ. ಔಷಧಾಲಯದಲ್ಲಿ ಮುಲಾಮು ಕೊಟ್ಟಿದ್ದರು, ಹಚ್ಚುವ ಬಗೆಯನ್ನು ಯಾರೂ ಮನೆಗೆ ಬಂದು ತೋರಿಸಿರಲಿಲ್ಲ. ವಾಲ್ಡ್ ತೋರಿಸಿದರು. ಹುಣ್ಣು ಮಾಯ್ದು ಹುಡುಗ ಶಾಲೆ ಸೇರಿದ.

1902ರಲ್ಲಿ ವಾಲ್ಡ್ ನಗರದ ಆಡಳಿತವನ್ನು ಒಪ್ಪಿಸಿ ತಮ್ಮ ಜೊತೆಗಿದ್ದ ಲೀನಾ ರಾಜರ್ಸ್ ಎಂಬ ನರ್ಸನ್ನು ಒಂದು ತಿಂಗಳ ಪ್ರಯೋಗವಾಗಿ ನಾಲ್ಕು ಶಾಲೆಗಳಿಗೆ ಕಳುಹಿಸಿದರು. ಆ ನಾಲ್ಕು ಶಾಲೆಗಳಲ್ಲಿ ಸುಮಾರು 10,000 ಮಕ್ಕಳು! ರಾಜರ್ಸ್ ಸಣ್ಣಪುಟ್ಟ ಗಾಯ, ಕಜ್ಜಿಗಳಿಗೆ ಶಾಲೆಯಲ್ಲೇ ಮದ್ದು ಹಚ್ಚಿ ತರಗತಿಗೆ ಕಳುಹಿಸುತ್ತಿದ್ದರು. ಬಾರದ ಮಕ್ಕಳ ಮನೆ ಹುಡುಕಿಕೊಂಡು ಹೋಗಿ ತಾಯಂದಿರ ಬಳಿ ಕುಳಿತು ಮಾತನಾಡುತ್ತಿದ್ದರು. ಇನ್ನಷ್ಟು ನರ್ಸ್‌ಗಳನ್ನು ನೇಮಿಸಲು ನಗರ ನಿರ್ಧರಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗುಳಿದ ಪ್ರಕರಣಗಳು 10,567. ಮರುವರ್ಷ ಅದೇ ತಿಂಗಳಲ್ಲಿ 1,101. ಹೊಸ ಔಷಧ ಯಾವುದೂ ಬಂದಿರಲಿಲ್ಲ. ಶಾಲೆಗೂ ಮನೆಗೂ ನಡುವೆ ಓಡಾಡುವ ಒಬ್ಬರು ಬಂದಿದ್ದರು, ಅಷ್ಟೇ.

1908ರಲ್ಲಿ ಮಕ್ಕಳ ಆರೋಗ್ಯಕ್ಕೆಂದೇ ನಗರದಲ್ಲಿ ಪ್ರತ್ಯೇಕ ವಿಭಾಗವೊಂದು ಹುಟ್ಟಿತು. ಅದರ ಮುಖ್ಯಸ್ಥೆ ಡಾ. ಜೋಸೆಫೀನ್ ಬೇಕರ್.

ಹೀಗೆ ಹತ್ತು ವರ್ಷ ಕಳೆದ ಮೇಲೆ 1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ಬಂತು. ಮಹಾಯುದ್ಧ ನಡೆಯುತ್ತಿತ್ತು. ವೈದ್ಯರಲ್ಲಿ, ನರ್ಸ್‌ಗಳಲ್ಲಿ ಅನೇಕರು ಸೈನ್ಯದ ಜೊತೆಗಿದ್ದರು. ರೋಗಕ್ಕೆ ಕಾರಣವಾದ ವೈರಸ್ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ, ಅದು ಪತ್ತೆಯಾದದ್ದು 1933ರಲ್ಲಿ. ಈ ಜ್ವರ ಎಳೆಯ ಮಕ್ಕಳನ್ನು, ಮುದುಕರನ್ನು ಮಾತ್ರವಲ್ಲ, ಗಟ್ಟಿಮುಟ್ಟಾದ ಯುವಕ ಯುವತಿಯರನ್ನೂ ಲೆಕ್ಕವಿಲ್ಲದಷ್ಟು ಕೊಂಡೊಯ್ಯಿತು. ಅಂದರೆ ಶಾಲೆಗೆ ಹೋಗುವ ಮಕ್ಕಳ ತಂದೆ ತಾಯಂದಿರನ್ನೇ. ಶಾಲೆಯ ಚರ್ಚೆ ಮಾಡುವಾಗ ಇದನ್ನು ಮರೆಯಬಾರದು. ಮಗುವನ್ನು ಮನೆಗೆ ಕಳುಹಿಸಿದರೆ ಅಲ್ಲಿ ನೋಡಿಕೊಳ್ಳಲು ಯಾರಿದ್ದರು?

ಆಗಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಕೇಳಿದ್ದೂ ಇದನ್ನೇ. ಶಾಲೆಗಳಲ್ಲಿದ್ದ ಸುಮಾರು 10 ಲಕ್ಷ ಮಕ್ಕಳಲ್ಲಿ ಮುಕ್ಕಾಲು ಪಾಲು ವಠಾರದ ಮನೆಗಳವರು. ಕತ್ತಲ ಕೋಣೆ, ಒಂದೇ ಹಾಸಿಗೆಯಲ್ಲಿ ಹಲವರು. ಶಾಲೆಯ ಕಟ್ಟಡ ಅದಕ್ಕಿಂತ ವಿಶಾಲ, ಗಾಳಿ ಬೆಳಕಿದೆ, ದಿನವೂ ಮಗುವಿನ ಮುಖ ನೋಡುವವರಿದ್ದಾರೆ. ಬೇಕರ್ ಅವರ ಅಭಿಪ್ರಾಯವೂ ಅದೇ. ಶಾಲೆಗಳು ತೆರೆದೇ ಇದ್ದವು.

ಆದರೆ ಎಂದಿನಂತೆ ಅಲ್ಲ. ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೇರವಾಗಿ ತಮ್ಮ ತರಗತಿಗೆ ಹೋಗಬೇಕಿತ್ತು. ಪ್ರತಿದಿನ ಬೆಳಿಗ್ಗೆ ಶಿಕ್ಷಕರು ಒಬ್ಬೊಬ್ಬ ಮಗುವನ್ನೂ ನೋಡುತ್ತಿದ್ದರು. ಲಕ್ಷಣ ಕಂಡರೆ ಬೇರೆ ಕೋಣೆ. ಅಲ್ಲಿಂದ ಆರೋಗ್ಯ ಇಲಾಖೆಯವರು ಮಗುವನ್ನು ಮನೆಗೆ ಕರೆದೊಯ್ದು, ಅಲ್ಲಿ ಆರೈಕೆ ಸಾಧ್ಯವೇ ಎಂದು ತಾವೇ ಕಂಡು, ಸಾಧ್ಯವಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಚೀಟಿ ಕೊಟ್ಟು ಓಡಿಸುತ್ತಿದ್ದ ಹಿಂದಿನ ದಿನಗಳಿಗೂ ಇದಕ್ಕೂ ಎಷ್ಟು ಅಂತರ ನೋಡಿ.

ಇದನ್ನು ಜಯಗಾಥೆಯಾಗಿ ಹೇಳಲು ನಮಗೆ ಮನಸ್ಸಿಲ್ಲ. ಆ ಶರತ್ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಸತ್ತವರು 20,000ಕ್ಕೂ ಹೆಚ್ಚು. ಕೋಪ್‌ಲ್ಯಾಂಡರನ್ನು ಆಗಲೇ ಅನೇಕರು ಕಟುವಾಗಿ ಟೀಕಿಸಿದ್ದರು. ಇತ್ತ ಸೇಂಟ್ ಲೂಯಿಸ್ ನಗರದಲ್ಲಿ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್ಲಾಫ್ ಅಕ್ಟೋಬರ್ ಆರಂಭದಲ್ಲೇ ಶಾಲೆ, ಚಿತ್ರಮಂದಿರಗಳನ್ನೆಲ್ಲ ಮುಚ್ಚಿಸಿದರು, ಅಲ್ಲಿ ಸಾವಿನ ಪ್ರಮಾಣ ಕಡಿಮೆಯಾಯಿತು. ಸೆಪ್ಟೆಂಬರ್ 28ರಂದು ಯುದ್ಧ ಸಾಲದ ಪ್ರಚಾರಕ್ಕೆಂದು ಭಾರೀ ಮೆರವಣಿಗೆ ನಡೆಸಿದ ಫಿಲಡೆಲ್ಫಿಯಾ ತಡವಾಗಿ ಶಾಲೆ ಮುಚ್ಚಿತು, ಅದು ಕಂಡ ಸಾವು ನೋವಿಗೆ ಮಿತಿಯಿರಲಿಲ್ಲ. 43 ನಗರಗಳ ಅಂದಿನ ದಾಖಲೆಗಳನ್ನು ಕೂಡಿಸಿ ಇತಿಹಾಸಕಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಗನೆ, ಹಲವು ಕ್ರಮಗಳನ್ನು ಒಟ್ಟಿಗೆ, ದೀರ್ಘಕಾಲ ಕೈಗೊಂಡ ನಗರಗಳಲ್ಲಿ ಸಾವು ಕಡಿಮೆ. ಆ ಕ್ರಮಗಳಲ್ಲಿ ಶಾಲೆ ಮುಚ್ಚುವುದೂ ಒಂದು. ಹಾಗಾಗಿ ನ್ಯೂಯಾರ್ಕ್ ತೆರೆದಿಟ್ಟಿತ್ತಲ್ಲ, ನಾವೂ ತೆರೆದಿಡೋಣ ಎನ್ನುವವರು ಅರ್ಧ ಕಥೆ ಮಾತ್ರ ಓದಿದವರು. ಆ ನಗರಕ್ಕೆ ಬಾಗಿಲು ತೆರೆದಿಡುವ ಧೈರ್ಯ ಬಂದದ್ದು ಹದಿನಾರು ವರ್ಷ ಮೊದಲೇ ಶಾಲೆಗೆ ನರ್ಸನ್ನು ಕಳುಹಿಸಿದ್ದರಿಂದ. ಜ್ವರ ಬಂದ ವಾರದಲ್ಲಿ ಅಂಥ ವ್ಯವಸ್ಥೆಯನ್ನು ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ.

ಆ ವ್ಯವಸ್ಥೆಯ ಫಲ 2009ರಲ್ಲಿ ಇನ್ನೊಮ್ಮೆ ಕಂಡಿತು. ಏಪ್ರಿಲ್ 23ರಂದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಸೇಂಟ್ ಫ್ರಾನ್ಸಿಸ್ ಶಾಲೆಯಲ್ಲಿ ನರ್ಸ್ ಕೋಣೆಯ ಮುಂದೆ ಮಕ್ಕಳ ಸಾಲು. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಗಂಟಲು ನೋವು. ಇದು ಎಂದಿನ ದಿನವಲ್ಲ ಎಂದು ಅರಿತ ನರ್ಸ್ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಎಚ್1ಎನ್1 ಆ ನಗರಕ್ಕೆ ಕಾಲಿಟ್ಟಿದೆ ಎಂದು ತಿಳಿದದ್ದು ಹಾಗೆ. ಅದೇ ವರ್ಷ ಆಗಸ್ಟ್‌ನಲ್ಲಿ ಆ ರೋಗದಿಂದ ನಮ್ಮ ದೇಶದಲ್ಲಿ ಮೊದಲು ತೀರಿಹೋದದ್ದು ಪುಣೆಯ ಹದಿನಾಲ್ಕು ವರ್ಷದ ವಿದ್ಯಾರ್ಥಿನಿ. ಆ ನಗರದ ಶಾಲೆಗಳೂ ಮುಚ್ಚಿದವು.

ನಮ್ಮಲ್ಲಿ 2020ರ ಕೋವಿಡ್ ಕಾಲ ಎಲ್ಲರ ನೆನಪಿನಲ್ಲಿದೆ. ಶಾಲೆ ಮುಚ್ಚಿದಾಗ ಪಾಠದ ಜೊತೆ ಬಿಸಿಯೂಟವೂ ನಿಂತಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಶುರುವಾಯಿತು, ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮುಚ್ಚಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಮುಚ್ಚಿದ ಮೇಲೆ ಯಾವ ಮಗು ಎಲ್ಲಿದೆ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ತಿಳಿದುಕೊಳ್ಳುವ ದಾರಿ ಹೆಚ್ಚಿನ ಶಾಲೆಗಳಿಗೆ ಇರಲಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ ಮಗುವಿನ ಮುಖ ನೋಡುವವರು ಶಿಕ್ಷಕರು, ಮತ್ತು ಅವರಿಗೂ ಮೊದಲು, ಬೆಳಿಗ್ಗೆ ಏಳು ಗಂಟೆಗೆ, ಮದ್ರಸದ ಉಸ್ತಾದರು. ಮುಂದಿನ ಎಸ್‌ಡಿಎಂಸಿ ಸಭೆಗೆ, ಜಮಾಅತ್ ಕಮಿಟಿಯ ಸಭೆಗೆ ಹೋಗುವವರು ಒಂದೆರಡು ವಿಷಯ ಕೇಳಿ ಬರಲಿ. ಒಂದೇ ತರಗತಿಯಲ್ಲಿ ಒಂದೇ ದಿನ ಐದಾರು ಮಕ್ಕಳು ಗೈರಾದರೆ ಮನೆಗಳಿಗೆ ಫೋನ್ ಮಾಡುವವರು ಯಾರು? ಅವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರಿಗೆ ತಿಳಿಸಬೇಕು, ಆ ನಂಬರ್ ಯಾವ ಗೋಡೆಯ ಮೇಲಿದೆ? ಜ್ವರವಿದ್ದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡ ತಾಯಿಗೆ ಹಾಜರಿಯ ಹೆಸರಿನಲ್ಲಿ ಮಾತು ಕೇಳಿಸುವುದಿಲ್ಲ ಎಂದು ಹೆಡ್‌ಮಾಸ್ಟರರು ಹೇಳಬಲ್ಲರೇ?