ಸಿಂಹಾಸನದ ಪಾವಿತ್ರ್ಯವನ್ನು ಕುರಿತ ವಿಚಾರಪರಂಪರೆ

ಆಳುವ ಅಧಿಕಾರವು ಪ್ರಜಾಪ್ರತಿನಿಧಿಗಳ ಕೈಸೇರಿದ ಮೇಲೆಯೂ ಅರಸನ ಪಟ್ಟಾಭಿಷೇಕವನ್ನು ಜನರು ಪುಣ್ಯಕಾರ್ಯವೆಂದೇ ಭಾವಿಸುವುದೇಕೆ? 1867ರಲ್ಲಿ ಇಂಗ್ಲೆಂಡಿನ ರಾಜ್ಯಾಂಗವನ್ನು ಕುರಿತು ಬರೆದ ವಾಲ್ಟರ್ ಬ್ಯಾಜಟ್ ಅವರು, ಅರಸೊತ್ತಿಗೆಯು ಸರಕಾರಕ್ಕೆ ಧರ್ಮದ ಬಲವನ್ನು ತಂದುಕೊಡುತ್ತದೆಂದು ಗುರುತಿಸಿದರು. ಆ ಬಲದ ಮೂಲವನ್ನು ಅರಸುವ ಕಾರ್ಯವು ಮುಂದಿನ ತಲೆಮಾರಿನವರ ಪಾಲಿಗೆ ಉಳಿಯಿತು. 1890ರಲ್ಲಿ ಮೊದಲು ಹೊರಬಂದ ‘ಸುವರ್ಣ ಶಾಖೆ’ಯಲ್ಲಿ ಜೇಮ್ಸ್ ಫ್ರೇಜರ್ ಅವರು ಅದನ್ನು ರಾಜನ ದೇಹದಲ್ಲಿಯೇ ಕಂಡರು: ಅವನ ಆರೋಗ್ಯವೇ ಬೆಳೆಯ ಸಮೃದ್ಧಿ, ಅವನ ಮುಪ್ಪೇ ನಾಡಿನ ಕ್ಷಯ. ಗ್ರಂಥಾಲಯದಲ್ಲಿ ಕುಳಿತು ದೇಶದೇಶಗಳ ವೃತ್ತಾಂತಗಳನ್ನು ಹೆಣೆದ ಆ ಮಹಾಕೃತಿಯಲ್ಲಿ ಊಹೆಯ ಪಾಲು ದೊಡ್ಡದಾದರೂ, ಪ್ರಶ್ನೆಗೆ ಗಾಂಭೀರ್ಯವನ್ನು ತಂದ ಶ್ರೇಯಸ್ಸು ಅದಕ್ಕೆ ಸಲ್ಲತಕ್ಕದ್ದು. ಮಾರ್ಕ್ ಬ್ಲಾಕ್ ಅವರು 1924ರಲ್ಲಿ, ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ದೊರೆಗಳ ಕರಸ್ಪರ್ಶದಿಂದ ಗಂಡಮಾಲೆ ವಾಸಿಯಾಗುವುದೆಂಬ ನಂಬಿಕೆಯನ್ನು ದಾಖಲೆಗಳಿಂದ ಪರಿಶೀಲಿಸಿ, ಊಹೆಯ ಸ್ಥಾನದಲ್ಲಿ ಇತಿಹಾಸವನ್ನು ಪ್ರತಿಷ್ಠಾಪಿಸಿದರು.

ಆದರೆ ಈ ಪರಂಪರೆಯಲ್ಲಿ ನನಗೆ ಎಲ್ಲರಿಗಿಂತ ಮಿಗಿಲಾಗಿ ತೋರುವವರು ಆರ್ಥರ್ ಹೊಕಾರ್ಟ್. ಫಿಜಿಯ ದ್ವೀಪಗಳಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ಬಳಿಕ ಸಿಂಹಳದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದ ಅವರು, ರಾಜತ್ವವನ್ನು ಪುಸ್ತಕದಿಂದಲ್ಲದೆ ನಡೆಯುತ್ತಿದ್ದ ಆಚಾರಗಳಿಂದಲೂ ಬಲ್ಲವರಾಗಿದ್ದರು. ರಾಜನು ಮೊದಲು ಆಳುವವನಾಗಿದ್ದು ಆಮೇಲೆ ಪೂಜ್ಯನಾದನೆಂಬ ರೂಢಿಯ ತರ್ಕವನ್ನು ಅವರು ತಲೆಕೆಳಗು ಮಾಡಿದರು. ಸಮುದಾಯದ ಜೀವಸಮೃದ್ಧಿಗಾಗಿ ನಡೆಯುವ ಯಜ್ಞಕ್ಕೆ ಅವನು ಮುಖ್ಯ ಕರ್ತೃವಾಗಿದ್ದು, ಆ ಕರ್ಮದ ಸಂವಿಧಾನದಿಂದಲೇ ಕಾಲಕ್ರಮದಲ್ಲಿ ಆಡಳಿತವು ಮೂಡಿತೆಂಬುದು 1936ರಲ್ಲಿ ಕೈರೋದಲ್ಲಿ ಅಚ್ಚಾದ ಅವರ ಗ್ರಂಥದ ಸಾರ. ಹಾಗಾದರೆ ಆಡಳಿತವು ಕಳಚಿಹೋದ ಬಳಿಕ ಕರ್ಮವು ಉಳಿಯುವುದರಲ್ಲಿ ಆಶ್ಚರ್ಯವೇನಿದೆ?

1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಎಡ್ವರ್ಡ್ ಶಿಲ್ಸ್ ಮತ್ತು ಮೈಕೇಲ್ ಯಂಗ್ ಅವರು ಇಡೀ ರಾಷ್ಟ್ರವು ತನ್ನ ನೈತಿಕ ಮೌಲ್ಯಗಳನ್ನು ದೃಢೀಕರಿಸಿಕೊಂಡ ಸಮಾರಂಭವೆಂದು ವರ್ಣಿಸಿದರು. ಸಮಾಜದೊಳಗಿನ ವರ್ಗವೈಷಮ್ಯವನ್ನು ಈ ವರ್ಣನೆಯು ಮರೆಮಾಚುತ್ತದೆಂದು ನಾರ್ಮನ್ ಬರ್ನ್‌ಬಾಮ್ ಅವರು 1955ರಲ್ಲಿ ಆಕ್ಷೇಪಿಸಿದುದು ನ್ಯಾಯವಾಗಿಯೇ ಇದ್ದಿತು.

ಭಾರತದ ವಿಷಯದಲ್ಲಿ ಲೂಯಿ ದ್ಯೂಮೊ ಅವರು, ಪಾವಿತ್ರ್ಯವು ಬ್ರಾಹ್ಮಣನದಾಗಿ ರಾಜನಿಗೆ ಲೌಕಿಕ ಬಲವಷ್ಟೇ ಉಳಿಯಿತೆಂದು 1966ರಲ್ಲಿ ವಾದಿಸಿದರೆ, ನಿಕೋಲಸ್ ಡರ್ಕ್ಸ್ ಅವರು ಪುದುಕ್ಕೋಟೆಯ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು, ಕಿರೀಟವನ್ನು ಟೊಳ್ಳಾಗಿಸಿದುದು ವಸಾಹತುಶಾಹಿಯೆಂದು 1987ರಲ್ಲಿ ಉತ್ತರವಿತ್ತರು. ಇವರಿಬ್ಬರ ವಾದಕ್ಕೂ ಮೈಸೂರು ಕಠಿನವಾದ ಪರೀಕ್ಷೆ. 1971ರ ಸಂವಿಧಾನ ತಿದ್ದುಪಡಿಯಿಂದ ಮಾಜಿ ಅರಸರ ರಾಜಧನವೂ ಮಾನ್ಯತೆಯೂ ರದ್ದಾದವು; ಹಿಂದೆ ಮಹಾರಾಜರು ಕುಳಿತಿರುತ್ತಿದ್ದ ಜಂಬೂಸವಾರಿಯ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹವು ಬಿಜಯಮಾಡುತ್ತದೆ; ಆದರೂ ನವರಾತ್ರಿಯಲ್ಲಿ ಅರಮನೆಯೊಳಗೆ ಕಂಕಣಧಾರಣೆಯೂ ಖಾಸಗಿ ದರ್ಬಾರೂ ನಡೆದುಬರುತ್ತಿವೆ. ಅಂಬಾರಿಯಿಂದ ಅರಸನು ಇಳಿದಾಗ ದೇವಿಯೇ ಅಲ್ಲಿ ಕುಳಿತಳೆಂಬುದು, ಆ ಆಸನವು ಮೊದಲಿಗೂ ವ್ಯಕ್ತಿಯದಾಗಿರಲಿಲ್ಲವೆಂಬ ಹೊಕಾರ್ಟರ ನಿಲುವಿನ ಕಡೆಗೇ ವಾಲುತ್ತದೆಂದು ನನ್ನ ನಂಬಿಕೆ. 1799ರಿಂದೀಚಿನ ಮೈಸೂರನ್ನು ಕುರಿತು ಆಯಾ ಇಕೆಗಾಮೆ ಅವರು 2012ರಲ್ಲಿ ಇಂಗ್ಲಿಷಿನಲ್ಲಿ ಒಂದು ಮಾನವಶಾಸ್ತ್ರೀಯ ಅಧ್ಯಯನವನ್ನು ಪ್ರಕಟಿಸಿದ್ದಾರೆ. ಅರಮನೆಯ ಪುರೋಹಿತರು, ಮಾವುತರು, ಸವಾರಿಯ ಬೀದಿಯಲ್ಲಿ ಕೈಮುಗಿದು ನಿಲ್ಲುವ ಹಳ್ಳಿಗರು ಈ ಆಚಾರವನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂಬುದನ್ನು ಅವರದೇ ಮಾತಿನಲ್ಲಿ ಕನ್ನಡದಲ್ಲಿಯೂ ಸವಿಸ್ತಾರವಾಗಿ ಬರೆದಿಡಬೇಕಾಗಿದೆ.