ಅಶಕ್ತರ ವೇತನವೂ ಅಮೆರಿಕದ ಫೆಡರಲ್ ನ್ಯಾಯಾಲಯಗಳೂ

ರೋಗದಿಂದಲೋ ಪೆಟ್ಟಿನಿಂದಲೋ ದುಡಿಯಲಾರದವನಾದ ಕೆಲಸಗಾರನನ್ನು 'ಈತನು ದುಡಿಯಬಲ್ಲನು' ಎಂದು ಸರ್ಕಾರವು ಹಿಂದಕ್ಕೆ ಕಳುಹಿಸಿದರೆ, ಆತನು ಯಾರ ಮೊರೆಹೋಗಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಅಲ್ಲಿಯ ಸಾಮಾಜಿಕ ಭದ್ರತಾ ಕಾಯಿದೆ 1935ರದು. ಆಡಳಿತದ ಅಂತಿಮ ತೀರ್ಮಾನವನ್ನೊಪ್ಪದ ಅರ್ಜಿದಾರನು 60 ದಿನಗಳೊಳಗೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂಬ ವಿಧಿಯು 1939ರಲ್ಲಿ ಅದಕ್ಕೆ ಸೇರಿತು. ಆದರೆ ಆಡಳಿತವು ನಿರ್ಣಯಿಸಿದ ಸಂಗತಿಗಳಿಗೆ ಸಾರವತ್ತಾದ ಸಾಕ್ಷ್ಯದ ಆಧಾರವಿದ್ದಲ್ಲಿ ನ್ಯಾಯಾಲಯವೂ ಅವಕ್ಕೆ ಬದ್ಧವೆಂದು ಅದೇ ವಿಧಿ ಹೇಳುತ್ತದೆ. ವಿವೇಕಿಯಾದವನು ಸಾಕೆಂದು ಒಪ್ಪಬಹುದಾದಷ್ಟು ಸಾಕ್ಷ್ಯವಿದೆಯೇ ಎಂದು ನೋಡುವುದಷ್ಟೇ ನ್ಯಾಯಾಧೀಶನ ಕೆಲಸ. ಉಭಯಪಕ್ಷಗಳ ಸಾಕ್ಷ್ಯವನ್ನು ಹೊಸದಾಗಿ ತೂಗುವುದಲ್ಲ. ಆಗ ಇದ್ದದ್ದು ವೃದ್ಧರ ಮತ್ತು ಮೃತರ ಅವಲಂಬಿಗಳ ವಿಮೆ. 1956ರಲ್ಲಿ 50 ವರ್ಷ ದಾಟಿದ ಅಶಕ್ತರಿಗೂ ವೇತನ ದೊರೆಯುವಂತಾಯಿತು. 1960ರಲ್ಲಿ ಆ ಕೆಳಮಿತಿಯೂ ಹೋಯಿತು. ವಿಧಿ ಮಾತ್ರ ಹಳೆಯದೇ ಉಳಿಯಿತು. ವಯಸ್ಸಿಗೆ ಜನನಪತ್ರವುಂಟು, ಬೆನ್ನುನೋವಿಗೆ ಯಾವ ಪತ್ರವಿದೆ? ಮುಂದಿನ ವಿವಾದಗಳ ಬೇರು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಲಾರಿ ಚಾಲಕ ಪೆಡ್ರೋ ಪೆರಾಲೆಸ್ ಎಂಬಾತನ ಮೊಕದ್ದಮೆ ಇದಕ್ಕೆ ನಿದರ್ಶನ. 1965ರಲ್ಲಿ ಭಾರವೆತ್ತುವಾಗ ಆತನ ಬೆನ್ನಿಗೆ ಪೆಟ್ಟಾಯಿತು. ವೇತನದ ವಿಚಾರಣೆಯಲ್ಲಿ ಆತನ ವೈದ್ಯನು ಖುದ್ದಾಗಿ ಬಂದು, ಈತನು ದುಡಿಯಲಾರನೆಂದು ಸಾಕ್ಷ್ಯ ನುಡಿದನು. ಎದುರಿಗಿದ್ದವು ವಿಚಾರಣೆಗೆ ಬಾರದ ವೈದ್ಯರ ಲಿಖಿತ ವರದಿಗಳು. ಅವುಗಳ ಅರ್ಥವನ್ನು ವಿವರಿಸಿದವನು ರೋಗಿಯನ್ನು ಪರೀಕ್ಷಿಸದ ಮತ್ತೊಬ್ಬ ವೈದ್ಯ. ಅರ್ಜಿ ತಿರಸ್ಕೃತವಾಯಿತು. ಇಂಥ ಕೇಳಿಕೆಯ ಸಾಕ್ಷ್ಯವೊಂದೇ ಸಾಲದೆಂದು ಮೇಲ್ಮನವಿ ನ್ಯಾಯಾಲಯವು ಹೇಳಿತು. 1971ರಲ್ಲಿ ಸುಪ್ರೀಮ್ ಕೋರ್ಟು ಆರು ಮತಗಳಿಗೆ ಮೂರರಂತೆ ಆ ತೀರ್ಪನ್ನು ತಳ್ಳಿಹಾಕಿತು: ವೈದ್ಯರನ್ನು ಕರೆಸಿ ಪಾಟೀಸವಾಲು ಮಾಡುವ ಹಕ್ಕನ್ನು ಅರ್ಜಿದಾರನು ಬಳಸಿಕೊಳ್ಳದಿದ್ದಲ್ಲಿ, ಆ ವರದಿಗಳು ಸಾರವತ್ತಾದ ಸಾಕ್ಷ್ಯವೇ ಆಗಬಹುದು. ರೋಗಿಯನ್ನು ನೋಡದವನ ಮಾತಿಗೆ ಬೆಲೆಯಿತ್ತುದನ್ನು ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಖಂಡಿಸಿದರು. ದುಡಿಯಲಾಗದೆ ಮನೆಯಲ್ಲಿ ಕುಳಿತ ಲಾರಿ ಚಾಲಕನಿಗೆ ಪಾಟೀಸವಾಲಿನ ಹಕ್ಕು ಎಷ್ಟರಮಟ್ಟಿಗೆ ನಿಲುಕುವಂಥದೆಂಬ ಶಂಕೆ ನಮಗೂ ಇದೆ.

ಗೆದ್ದವನಿಗೂ ಅನೇಕ ವೇಳೆ ದೊರೆಯುವುದು ವೇತನವಲ್ಲ, ಅದೇ ಇಲಾಖೆಯ ಮುಂದೆ ಮರುವಿಚಾರಣೆ. ಆದರೂ ಈ ದಾರಿ ನಿಷ್ಫಲವೆನ್ನಲಾಗದು. 1981ರಿಂದ ಆಡಳಿತವು ಪುನಃಪರಿಶೀಲನೆಯ ಹೆಸರಿನಲ್ಲಿ ಅಸಂಖ್ಯರ ವೇತನವನ್ನು ನಿಲ್ಲಿಸಿದಾಗ ನ್ಯಾಯಾಲಯಗಳು ಅಡ್ಡಬಂದವು. ಕೆಲವು ತೀರ್ಪುಗಳನ್ನು ಆಯಾ ಅರ್ಜಿದಾರನ ಮಟ್ಟಿಗಷ್ಟೇ ಪಾಲಿಸುವೆವೆಂದು ಇಲಾಖೆ ಹಟಹಿಡಿಯಿತು. ಕೊನೆಗೆ 1984ರ ಕಾಯಿದೆಯು, ರೋಗ ಸುಧಾರಿಸಿದೆಯೆಂಬುದಕ್ಕೆ ಸಾಕ್ಷ್ಯವಿಲ್ಲದೆ, ಕೆಲವು ಅಪವಾದಗಳ ಹೊರತು, ವೇತನವನ್ನು ನಿಲ್ಲಿಸಕೂಡದೆಂದು ವಿಧಿಸಿತು.

ಹೊಸ ಅರ್ಜಿಗಳಿಗೆ ಹಳೆಯ ಅಳತೆಯೇ ಉಳಿದಿದೆ. ಅರ್ಜಿದಾರನು ಮಾಡಬಲ್ಲ ಕೆಲಸಗಳು ದೇಶದಲ್ಲಿ ಎಷ್ಟಿವೆಯೆಂದು ಹೇಳಿದ ಉದ್ಯೋಗತಜ್ಞೆಯು ತನ್ನ ಆಧಾರಗಳನ್ನು ತೋರಿಸಲೊಪ್ಪದಿದ್ದರೂ ಆಕೆಯ ಮಾತು ಸಾರವತ್ತಾದ ಸಾಕ್ಷ್ಯವಾಗಬಹುದೆಂದು 2019ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಆಗಲೂ ಆರು ಮತಗಳಿಗೆ ಮೂರು.